ಹಳೆಯ ಚೀಲ, ಸವೆದ ಬೂಟು: ಗ್ರಾಹಕರ ಮಮತೆ ಮತ್ತು ದುರಸ್ತಿ ಉದ್ಯಮ

ಭಾನುವಾರ ಮುಂಜಾನೆ ಯಲಹಂಕ–ಹಿಂದೂಪುರ ರೈಲುಮಾರ್ಗದ ಮಾಕಳಿದುರ್ಗ ನಿಲ್ದಾಣದಲ್ಲಿ ಇಳಿಯುವ ಚಾರಣಿಗರನ್ನು, ಅಥವಾ ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ತಪ್ಪಲಿನಲ್ಲಿ ಸೇರುವ ಯುವಜನರನ್ನು ವರ್ತಕರ ಕಣ್ಣಿನಿಂದ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹೊಸಬರ ಬೆನ್ನಿನ ಮೇಲೆ ಹೊಸ ಚೀಲ, ಕಾಲಿನಲ್ಲಿ ಹೊಳೆಯುವ ಬೂಟು. ಹತ್ತಾರು ಬೆಟ್ಟ ಹತ್ತಿದವರ ಬಳಿ ಇರುವುದಾದರೋ ಬಣ್ಣ ಮಾಸಿದ ಚೀಲ, ತೇಪೆ ಹಾಕಿದ ರೈನ್‌ಕೋಟು, ಅಟ್ಟೆ ಬದಲಿಸಿದ ಬೂಟು. ಹೊಸದನ್ನು ಕೊಳ್ಳುವ ಶಕ್ತಿ ಅವರಿಗಿಲ್ಲವೆಂದಲ್ಲ. ಹಳೆಯದನ್ನು ಬಿಡಲು ಅವರಿಗೆ ಮನಸ್ಸಿಲ್ಲ.

ಈ ಮನಸ್ಸು ವ್ಯಾಪಾರಕ್ಕೆ ಅಡ್ಡಿ ಎಂದು ಅಂಗಡಿಯವರು ಭಾವಿಸುವುದು ಸಹಜ. ಹಳೆಯ ಚೀಲ ಬಾಳಿದಷ್ಟು ದಿನ ಹೊಸ ಚೀಲ ಮಾರಾಟವಾಗದು ಎಂಬುದು ಸರಳ ಲೆಕ್ಕ. ಆದರೆ ಈ ಲೆಕ್ಕ ಅಪೂರ್ಣ. ವಸ್ತುವಿನ ಮೇಲೆ ಮಮತೆ ಇರುವ ಗ್ರಾಹಕನು ಅದನ್ನು ಉಳಿಸಿಕೊಳ್ಳಲು ಹಣ ಖರ್ಚು ಮಾಡಲು ಸಿದ್ಧನಿರುತ್ತಾನೆ. ಆ ಹಣವನ್ನು ಎಲ್ಲಿ, ಯಾರಿಗೆ ಕೊಡಬೇಕೆಂಬುದು ಮಾತ್ರ ಅವನಿಗೆ ತಿಳಿದಿರುವುದಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಲಿಗೆ ಘಟಕಗಳು, ಪಾದರಕ್ಷೆ ದುರಸ್ತಿಗಾರರು, ಜಿಪ್ಪು ಮತ್ತು ಬಕಲ್ ವ್ಯಾಪಾರಿಗಳು ಗಮನಿಸಬೇಕಾದ ಅವಕಾಶ ಇಲ್ಲಿದೆ. ಅವಕಾಶದ ಜೊತೆಗೆ ಕೆಲವು ಅಪಾಯಗಳೂ ಇವೆ.

ಕಂಬಳಿಯ ಪಾಠ

ಹಳೆಯ ಹೊರಾಂಗಣ ಸಾಮಗ್ರಿಯ ಮೇಲಿನ ಮಮತೆ ನಮ್ಮ ನಾಡಿಗೆ ಹೊಸದಲ್ಲ. ಕುರಿಗಾಹಿಯ ಕಂಬಳಿ ಇದಕ್ಕೆ ಅತ್ಯುತ್ತಮ ನಿದರ್ಶನ. ದಖ್ಖನಿ, ಬಳ್ಳಾರಿ ಮುಂತಾದ ತಳಿಗಳ ಕುರಿಯ ಒರಟು ಉಣ್ಣೆಯನ್ನು ನೂತು, ಕುಣಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಹಾಕಿ ಬಿಗಿಗೊಳಿಸುವ ಈ ಹೊದಿಕೆ ಮಳೆಯಲ್ಲಿ ಕೊಪ್ಪೆಯಾಗಿ, ಚಳಿಯಲ್ಲಿ ಹೊದಿಕೆಯಾಗಿ, ರಾತ್ರಿ ಹಾಸಿಗೆಯಾಗಿ ಬಳಕೆಯಾಗುತ್ತದೆ. ಉಣ್ಣೆಯು ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆ ಎನಿಸದು. ಹೀಗಾಗಿ ತುಂತುರು ಮಳೆಯಲ್ಲಿ ದಿನವಿಡೀ ಕುರಿ ಕಾಯುವವನಿಗೆ ಇದಕ್ಕಿಂತ ನಂಬಿಕಸ್ಥ ಉಡುಪು ಇರಲಿಲ್ಲ.

ಹೊಸ ಕಂಬಳಿ ಬಿರುಸಾಗಿರುತ್ತದೆ, ಮೈಗೆ ಚುಚ್ಚುತ್ತದೆ. ಬಳಸಿದಂತೆಲ್ಲ ಮೆತ್ತಗಾಗಿ ಹೊದ್ದವನ ಭುಜಕ್ಕೆ ಹೊಂದಿಕೊಳ್ಳುತ್ತದೆ. ಹರಿದರೆ ಅದೇ ಉಣ್ಣೆಯ ನೂಲಿನಿಂದ ಹೊಲಿದು ಸರಿಪಡಿಸಲಾಗುತ್ತದೆ. ತೀರಾ ಹಳೆಯದಾದಾಗಲೂ ಅದು ಬಿಸಾಡುವ ವಸ್ತುವಲ್ಲ. ಎತ್ತಿನ ಬೆನ್ನಿನ ಹೊದಿಕೆಯಾಗಿ, ನೆಲಹಾಸಾಗಿ ಮುಂದುವರಿಯುತ್ತದೆ. ಕಂಬಳಿಯ ಗದ್ದಿಗೆ ಹಾಸಿ ದೇವರನ್ನು ಕೂರಿಸುವ, ಹಿರಿಯರಿಗೆ ಆಸನ ನೀಡುವ ಸಂಪ್ರದಾಯ ಕುರುಬ ಮತ್ತು ಕಾಡುಗೊಲ್ಲ ಸಮುದಾಯಗಳಲ್ಲಿದೆ. ದುಡಿಮೆಯ ವಸ್ತುವೊಂದು ಗೌರವದ ವಸ್ತುವಾದ ಬಗೆ ಇದು.

ಕಂಬಳಿಯಿಂದ ಉದ್ಯಮಿಗಳು ಕಲಿಯಬಹುದಾದ ಪಾಠ ಮೂರು. ಬಳಸಿದಷ್ಟೂ ಉತ್ತಮಗೊಳ್ಳುವ ವಸ್ತುವಿನ ಮೇಲೆ ಮಮತೆ ಬೆಳೆಯುತ್ತದೆ. ತಯಾರಾದ ಸಾಮಗ್ರಿಯಿಂದಲೇ ದುರಸ್ತಿಯಾಗುವ ವಸ್ತು ದೀರ್ಘಕಾಲ ಬಾಳುತ್ತದೆ. ದುರಸ್ತಿ ಮಾಡುವವರು ಹತ್ತಿರದಲ್ಲಿಯೇ ಇದ್ದರೆ ಮಾತ್ರ ಮೇಲಿನ ಎರಡೂ ಸಾಧ್ಯ.

ಮಮತೆಗೆ ಕಾರಣಗಳು

ಅರ್ಥಶಾಸ್ತ್ರಜ್ಞರು ಈ ಮನೋಭಾವವನ್ನು ಅಧ್ಯಯನ ಮಾಡಿದ್ದಾರೆ. ಒಂದು ವಸ್ತು ತನ್ನದಾದ ಕೂಡಲೇ ಮನುಷ್ಯ ಅದಕ್ಕೆ ಹೆಚ್ಚಿನ ಬೆಲೆ ಕಟ್ಟುತ್ತಾನೆ ಎಂಬುದನ್ನು ರಿಚರ್ಡ್ ಥೇಲರ್ 1980ರಲ್ಲಿ ಗುರುತಿಸಿದರು. 1990ರಲ್ಲಿ ಕಾನೆಮನ್, ನೆಚ್ ಮತ್ತು ಥೇಲರ್ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಸಾಮಾನ್ಯ ಕಾಫಿ ಲೋಟಗಳನ್ನು ಕೊಡಲಾಗಿತ್ತು. ಲೋಟ ಪಡೆದವರು ಅದನ್ನು ಮಾರಲು ಕೇಳಿದ ಬೆಲೆ, ಲೋಟ ಇಲ್ಲದವರು ಕೊಳ್ಳಲು ಒಪ್ಪಿದ ಬೆಲೆಯ ಸರಿಸುಮಾರು ಎರಡು ಪಟ್ಟಾಗಿತ್ತು. ಕೆಲವು ನಿಮಿಷಗಳ ಒಡೆತನಕ್ಕೇ ಇಷ್ಟು ಬೆಲೆ ಏರುವುದಾದರೆ, ಹತ್ತು ವರ್ಷ ಬೆನ್ನಿನ ಮೇಲೆ ಹೊತ್ತ ಚೀಲದ ಬೆಲೆಯನ್ನು ಊಹಿಸಬಹುದು.

ಎರಡನೆಯ ಕಾರಣ ಸ್ವಂತ ಶ್ರಮ. ತಾನೇ ಜೋಡಿಸಿದ ವಸ್ತುವನ್ನು ಮನುಷ್ಯ ಹೆಚ್ಚು ಮೆಚ್ಚುತ್ತಾನೆ ಎಂಬುದನ್ನು ನಾರ್ಟನ್, ಮೊಚೋನ್ ಮತ್ತು ಏರಿಯಲಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಬೂಟಿಗೆ ಮೇಣ ಹಚ್ಚುವುದು, ಡೇರೆಯ ಹೊಲಿಗೆಗೆ ಅಂಟು ಬಳಿಯುವುದು, ಚೀಲದ ಪಟ್ಟಿಯನ್ನು ತನ್ನ ಮೈಕಟ್ಟಿಗೆ ಹೊಂದಿಸುವುದು ಇಂತಹ ಶ್ರಮವೇ.

ಮೂರನೆಯ ಕಾರಣ ನಂಬಿಕೆ. ಬೆಟ್ಟದ ಮೇಲೆ ಮಳೆ ಹಿಡಿದಾಗ ಕೈಕೊಡದ ಕೋಟನ್ನು, ಜಾರುವ ಬಂಡೆಯ ಮೇಲೆ ಹಿಡಿತ ಬಿಡದ ಬೂಟನ್ನು ಅದರ ಒಡೆಯ ಪರೀಕ್ಷಿಸಿ ನೋಡಿದ್ದಾನೆ. ಹೊಸ ವಸ್ತು ಇನ್ನೂ ಪರೀಕ್ಷೆಗೆ ಒಳಗಾಗಿಲ್ಲ. ಆದುದರಿಂದ ಇದು ಕೇವಲ ಭಾವುಕತೆಯಲ್ಲ, ಅನುಭವದ ಲೆಕ್ಕವೂ ಹೌದು.

ಇದರಿಂದ ವರ್ತಕರು ತಿಳಿಯಬೇಕಾದ ಮುಖ್ಯ ಅಂಶವೊಂದಿದೆ. ವಾರಂಟಿ ಅವಧಿಯಲ್ಲಿ ಹಳೆಯದನ್ನು ಪಡೆದು ಹೊಸದನ್ನು ಕೊಟ್ಟರೆ ಎಲ್ಲ ಗ್ರಾಹಕರೂ ಸಂತೋಷಪಡುತ್ತಾರೆಂದು ಭಾವಿಸಬಾರದು. ಅನೇಕರಿಗೆ ಬೇಕಾಗಿರುವುದು ಅದೇ ವಸ್ತು, ಮತ್ತೆ ಕೆಲಸ ಮಾಡುವ ಸ್ಥಿತಿಯಲ್ಲಿ.

ಯಾವುದು ಮೊದಲು ಕೆಡುತ್ತದೆ?

ಚಾರಣದ ಸಾಮಗ್ರಿಯಲ್ಲಿ ಬಟ್ಟೆ ಹರಿಯುವ ಮೊದಲೇ ಸಣ್ಣ ಭಾಗಗಳು ಕೆಡುತ್ತವೆ. ದುರಸ್ತಿ ಉದ್ಯಮ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಜಿಪ್ಪು: ಜಿಪ್ಪು ಮುಚ್ಚಿದರೂ ಹಿಂದೆ ತೆರೆದುಕೊಳ್ಳುತ್ತಿದ್ದರೆ, ಬಹುಪಾಲು ಸಂದರ್ಭಗಳಲ್ಲಿ ಸವೆದಿರುವುದು ಹಲ್ಲುಗಳಲ್ಲ, ಅವುಗಳ ಮೇಲೆ ಓಡುವ ರನ್ನರ್. ಧೂಳು ಮತ್ತು ಮರಳು ರನ್ನರಿನ ಒಳಮೈಯನ್ನು ತೇಯುತ್ತವೆ. ಹಲ್ಲು ಮುರಿಯದಿದ್ದರೆ ರನ್ನರ್ ಬದಲಿಸಿದರೆ ಸಾಕು. ಇಡೀ ಜಿಪ್ಪು ಬಿಚ್ಚಿ ಹೊಲಿಯುವ ಅಗತ್ಯವಿಲ್ಲ. ರನ್ನರಿನ ಹಿಂಬದಿಯಲ್ಲಿ ಸಾಮಾನ್ಯವಾಗಿ 3, 5, 8, 10 ಎಂಬ ಅಳತೆಯ ಸಂಖ್ಯೆ ಇರುತ್ತದೆ. ಕಾಯಿಲ್ ಜಿಪ್ಪಿನ ರನ್ನರ್ ಅಚ್ಚುಹಲ್ಲಿನ ಜಿಪ್ಪಿಗೆ ಹೊಂದುವುದಿಲ್ಲ.

ಬಕಲ್ ಮತ್ತು ಪಟ್ಟಿ: ಚೀಲದ ಪಟ್ಟಿಗಳು ಸಾಮಾನ್ಯವಾಗಿ 20, 25, 38, 50 ಮಿಲಿಮೀಟರ್ ಅಗಲದಲ್ಲಿರುತ್ತವೆ. ಹೊಲಿಗೆ ಬಿಚ್ಚದೆ ಸಿಕ್ಕಿಸಬಹುದಾದ ಬಕಲ್‌ಗಳನ್ನು ದಾಸ್ತಾನಿಟ್ಟರೆ ಕೆಲಸ ಕೆಲವೇ ನಿಮಿಷಗಳದ್ದು. ಬಿಸಿಲಿಗೆ ಒಡ್ಡುವ ಹೊಲಿಗೆಗೆ ನೈಲಾನ್ ದಾರಕ್ಕಿಂತ ಪಾಲಿಯೆಸ್ಟರ್ ದಾರ ಹೆಚ್ಚು ಬಾಳಿಕೆ ಬರುತ್ತದೆ.

ಬೂಟಿನ ಅಟ್ಟೆ: ಅನೇಕ ಚಾರಣದ ಬೂಟುಗಳ ಅಟ್ಟೆಯ ಮಧ್ಯದ ಪದರವು ಪಾಲಿಯುರೆಥೇನ್ ನೊರೆಯದು. ಗಾಳಿಯಲ್ಲಿನ ತೇವದೊಂದಿಗೆ ಇದು ರಾಸಾಯನಿಕವಾಗಿ ಒಡೆಯುತ್ತದೆ. ಬೂಟನ್ನು ಬಳಸದೆ ಕಪಾಟಿನಲ್ಲಿಟ್ಟರೂ ಕೆಲವು ವರ್ಷಗಳಲ್ಲಿ ಅಟ್ಟೆ ಪುಡಿಯಾಗಬಹುದು. ಜತನದಿಂದ ಇಟ್ಟ ಬೂಟು ಬೆಟ್ಟದ ಅರ್ಧದಲ್ಲಿ ಬಾಯಿಬಿಡುವುದಕ್ಕೆ ಇದೇ ಕಾರಣ. ಮೇಲ್ಭಾಗದ ಚರ್ಮ ಗಟ್ಟಿಯಿದ್ದರೆ ಹಳೆಯ ಪದರವನ್ನು ಪೂರ್ಣವಾಗಿ ತೆಗೆದು ಹೊಸ ಅಟ್ಟೆ ಕೂಡಿಸಬಹುದು. ಪುಡಿಯಾಗುತ್ತಿರುವ ಪದರದ ಮೇಲೆಯೇ ಅಂಟು ಬಳಿದು ಕೊಡುವುದು ಗ್ರಾಹಕನಿಗೆ ಮಾಡುವ ಅನ್ಯಾಯ.

ರೈನ್‌ಕೋಟು ಮತ್ತು ಡೇರೆ: ಒಳಮೈಯ ಲೇಪನ ಜಿಗುಟಾಗಿ ಸಿಪ್ಪೆ ಏಳುತ್ತಿದ್ದರೆ ಬಟ್ಟೆಯ ಆಯುಷ್ಯ ಮುಗಿಯುತ್ತಿದೆಯೆಂದು ತಿಳಿಯಬೇಕು. ಹೊಲಿಗೆಯ ಮೇಲಿನ ಪಟ್ಟಿ ಮಾತ್ರ ಬಿಟ್ಟಿದ್ದರೆ ಸರಿಪಡಿಸಬಹುದು. ಪಾಲಿಯುರೆಥೇನ್ ಲೇಪನದ ಬಟ್ಟೆಗೆ ಅದೇ ಜಾತಿಯ ಅಂಟು, ಸಿಲಿಕೋನ್ ಲೇಪನದ ಬಟ್ಟೆಗೆ ಸಿಲಿಕೋನ್ ಅಂಟು ಬಳಸಬೇಕು. ಅದಲುಬದಲಾದರೆ ಅಂಟು ನಿಲ್ಲುವುದಿಲ್ಲ. ಸೂಜಿ ಹಾಯ್ದ ಪ್ರತಿಯೊಂದು ರಂಧ್ರವೂ ನೀರಿನ ದಾರಿಯಾದ್ದರಿಂದ ಹೊಲಿದ ನಂತರ ಅಂಟಿನಿಂದ ಮುಚ್ಚಲೇಬೇಕು.

ಹೊರದೇಶಗಳ ಅನುಭವ

ಗ್ರಾಹಕರ ಈ ಮಮತೆಯನ್ನೇ ಬಂಡವಾಳವಾಗಿಸಿಕೊಂಡ ಸಂಸ್ಥೆಗಳಿವೆ. ಇಂಗ್ಲೆಂಡಿನ ಸೌತ್ ಶೀಲ್ಡ್ಸ್‌ನಲ್ಲಿ 1894ರಲ್ಲಿ ಆರಂಭವಾದ ಬಾರ್ಬರ್ ಸಂಸ್ಥೆಯು ತಾನು ಮಾರಿದ ಮೇಣಬಟ್ಟೆಯ ಕೋಟುಗಳನ್ನು ಮರಳಿ ಪಡೆದು, ಶುಲ್ಕ ವಿಧಿಸಿ, ಮತ್ತೆ ಮೇಣ ಹಾಕಿ, ತೇಪೆ ಹಚ್ಚಿ ಕಳುಹಿಸುತ್ತದೆ. ತಂದೆಯ ಕೋಟನ್ನು ಮಗ ತೊಡುವುದು ಅಲ್ಲಿ ಹೆಮ್ಮೆಯ ವಿಷಯ.

ಅಮೆರಿಕದ ಪೆಟಗೋನಿಯಾ ಸಂಸ್ಥೆಯು 2011ರ ನವೆಂಬರ್ 25ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ತನ್ನದೇ ಕೋಟಿನ ಚಿತ್ರ ಹಾಕಿ, ಇದನ್ನು ಕೊಳ್ಳಬೇಡಿ ಎಂಬ ಜಾಹೀರಾತು ನೀಡಿತು. ಅಗತ್ಯವಿದ್ದರೆ ಮಾತ್ರ ಕೊಳ್ಳಿ, ಕೆಟ್ಟರೆ ಸರಿಪಡಿಸಿ ಎಂಬುದು ಅದರ ಆಶಯ. ಆ ನಂತರವೂ ಅದರ ಮಾರಾಟ ಕುಗ್ಗಲಿಲ್ಲ, ಬೆಳೆಯಿತು. ದುರಸ್ತಿ ಹಾಗೂ ಬಳಸಿದ ಉಡುಪುಗಳ ಮರುಮಾರಾಟಕ್ಕೆ ಅದು ಪ್ರತ್ಯೇಕ ವಿಭಾಗವನ್ನೇ ನಡೆಸುತ್ತಿದೆ.

ಎಚ್ಚರಿಕೆಯ ಪಾಠ ಕಲಿಸುವುದು ಎಲ್. ಎಲ್. ಬೀನ್ ಸಂಸ್ಥೆ. 1912ರಲ್ಲಿ ಇದರ ಸ್ಥಾಪಕರು ಮಾರಿದ ಮೊದಲ 100 ಜೊತೆ ಬೂಟುಗಳಲ್ಲಿ 90 ಜೊತೆ ಹೊಲಿಗೆ ಬಿಟ್ಟು ಹಿಂದಿರುಗಿದವು. ಅವರು ಎಲ್ಲರಿಗೂ ಹಣ ಮರಳಿಸಿ, ಬೂಟನ್ನು ಸುಧಾರಿಸಿದರು. ಅಲ್ಲಿಂದ ಬೆಳೆದ ಕಾಲಮಿತಿಯಿಲ್ಲದ ಮರಳಿಕೆಯ ಭರವಸೆ ಸಂಸ್ಥೆಯ ಹೆಗ್ಗುರುತಾಯಿತು. ಆದರೆ ಹಳೆಯ ಸಾಮಾನಿನ ಮಾರಾಟದಲ್ಲಿ ಕೊಂಡ ವಸ್ತುಗಳನ್ನೂ ತಂದು ಹೊಸದನ್ನು ಕೇಳುವವರು ಹೆಚ್ಚಾದರು. ಐದು ವರ್ಷಗಳಲ್ಲಿ ಸುಮಾರು 25 ಕೋಟಿ ಡಾಲರ್ ನಷ್ಟವಾಯಿತೆಂದು ಹೇಳಿ, 2018ರ ಫೆಬ್ರವರಿಯಲ್ಲಿ ಸಂಸ್ಥೆಯು ಮರಳಿಕೆಯನ್ನು ಒಂದು ವರ್ಷಕ್ಕೆ, ಅದೂ ಖರೀದಿಯ ದಾಖಲೆ ಇದ್ದರೆ ಮಾತ್ರ, ಎಂದು ಸೀಮಿತಗೊಳಿಸಿತು. ಆದರೂ ತನ್ನ ಬೂಟುಗಳಿಗೆ ಶುಲ್ಕ ಪಡೆದು ಅಟ್ಟೆ ಬದಲಿಸುವ ಸೇವೆಯನ್ನು ಬಿಟ್ಟಿಲ್ಲ. ಉಚಿತವಾಗಿ ಹೊಸದನ್ನು ಕೊಡುವ ಭರವಸೆಯನ್ನು ದುರುಪಯೋಗ ಮಾಡಿಕೊಳ್ಳುವವರು ಇರುತ್ತಾರೆ. ನ್ಯಾಯವಾದ ದರದ ದುರಸ್ತಿಗೆ ನಿಜವಾದ ಮಮತೆ ಇರುವವರೇ ಬರುತ್ತಾರೆ.

ಜಿಲ್ಲೆಯಲ್ಲಿರುವ ಅನುಕೂಲ

ಚಾರಣದ ಸಾಮಗ್ರಿಯ ಬಳಕೆದಾರರಿಗೆ ಬೆಂಗಳೂರಿನಲ್ಲಿ ಕೊರತೆಯಿಲ್ಲ. ಚಾರಣಾಸಕ್ತರು 1990ರ ದಶಕದಲ್ಲಿ ಇಲ್ಲಿಯೇ ಆರಂಭಿಸಿದ ವೈಲ್ಡ್‌ಕ್ರಾಫ್ಟ್ ಹಾಗೂ 2009ರಲ್ಲಿ ಭಾರತದ ಮಾರುಕಟ್ಟೆ ಪ್ರವೇಶಿಸಿದ ಫ್ರಾನ್ಸ್ ಮೂಲದ ಡೆಕಥ್ಲಾನ್ ಈ ಸಾಮಗ್ರಿಗಳನ್ನು ಸಾಮಾನ್ಯ ಕುಟುಂಬಗಳ ಕೈಗೆಟುಕುವಂತೆ ಮಾಡಿದವು. ಆ ವರ್ಷಗಳಲ್ಲಿ ಮಾರಾಟವಾದ ಚೀಲ, ಡೇರೆಗಳು ಈಗ ದುರಸ್ತಿಯ ವಯಸ್ಸಿಗೆ ಬಂದಿವೆ.

ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳ ದೀರ್ಘ ಪರಂಪರೆಯ ಜೊತೆಗೆ ಉಡುಪು ಪಾರ್ಕ್ ಇದೆ. ದಪ್ಪ ಬಟ್ಟೆಗೆ ನೇರ ಹೊಲಿಗೆ ಹಾಕಬಲ್ಲ ಕುಶಲ ಕೈಗಳು ಅಲ್ಲಿವೆ. ನೆಲಮಂಗಲವು ಹೆದ್ದಾರಿಗಳ ಸಂಗಮವಾಗಿದ್ದು, ಗೋದಾಮು ಮತ್ತು ಸಾಗಣೆಯ ಕೇಂದ್ರವಾಗಿದೆ. ನಾನಾ ಊರುಗಳಿಂದ ವಸ್ತುಗಳನ್ನು ತರಿಸಿ ಮರಳಿ ಕಳುಹಿಸಲು ಅನುಕೂಲವಿದೆ. ದೇವನಹಳ್ಳಿಯ ಮೂಲಕ ನಂದಿಬೆಟ್ಟದ ಕಡೆಗೆ ಸಾಗುವವರ ಸಂಖ್ಯೆಯೂ ದೊಡ್ಡದು. ಹೊಸಕೋಟೆಯ ಕೈಗಾರಿಕಾ ಪ್ರದೇಶದ ಸುತ್ತಲಿನ ಸಣ್ಣ ಘಟಕಗಳಿಗೆ ಪ್ಲಾಸ್ಟಿಕ್ ಅಚ್ಚಿನ ಬಕಲ್, ಡೇರೆಯ ಗೂಟ, ಅಲ್ಯೂಮಿನಿಯಂ ಕೋಲಿನ ತುಂಡುಗಳಂತಹ ಬಿಡಿಭಾಗಗಳ ತಯಾರಿಕೆ ಕಷ್ಟದ ಕೆಲಸವಲ್ಲ.

ಲಾಭದ ಲೆಕ್ಕ

ದುರಸ್ತಿಯಿಂದ ಕೂಡಲೇ ದೊಡ್ಡ ಲಾಭ ಬರುತ್ತದೆಂದು ಯಾರೂ ಭಾವಿಸಬಾರದು. ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಚೀಲದ ರನ್ನರ್ ಬದಲಿಸಲು 200 ರೂಪಾಯಿ ಶುಲ್ಕವಿರಲಿ. ರನ್ನರಿಗೆ 30, ದಾರ ಮತ್ತು ವಿದ್ಯುತ್ತಿಗೆ 10, ಅರ್ಧ ಗಂಟೆಯ ಕೂಲಿಗೆ 60, ಸಾಗಣೆಗೆ 40 ರೂಪಾಯಿ ಕಳೆದರೆ ಉಳಿಯುವುದು 60 ರೂಪಾಯಿ. 4,000 ರೂಪಾಯಿಯ ಹೊಸ ಚೀಲದ ಮೇಲೆ ಶೇಕಡಾ 20ರ ಲಾಭವಿದ್ದರೆ 800 ರೂಪಾಯಿ ಬರುತ್ತದೆ. ಅಂದರೆ ಒಂದು ಚೀಲದ ಮಾರಾಟಕ್ಕೆ ಸಮನಾಗಲು ಹದಿಮೂರು, ಹದಿನಾಲ್ಕು ದುರಸ್ತಿಗಳು ಬೇಕು.

ಆದರೆ ಬಂಡವಾಳದ ಕಡೆಯಿಂದ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಹೊಸ ಚೀಲ ಮಾರಾಟವಾಗುವವರೆಗೆ ಅಂಗಡಿಯವರ 3,200 ರೂಪಾಯಿ ಕಪಾಟಿನಲ್ಲಿ ಕುಳಿತಿರುತ್ತದೆ. ಫ್ಯಾಷನ್ ಬದಲಾದರೆ ರಿಯಾಯಿತಿ ದರದಲ್ಲಿ ಮಾರಬೇಕಾಗುತ್ತದೆ. ದುರಸ್ತಿಯಲ್ಲಿ ಮುಂಗಡವಾಗಿ ತೊಡಗುವುದು 30 ರೂಪಾಯಿಯ ಬಿಡಿಭಾಗ ಮಾತ್ರ, ಅದಕ್ಕೆ ಫ್ಯಾಷನ್ನಿನ ಭಯವಿಲ್ಲ. ಮೇಲಾಗಿ ದುರಸ್ತಿಗೆ ಬಂದ ಗ್ರಾಹಕನು ಎರಡು ಬಾರಿ ಅಂಗಡಿಗೆ ಬರುತ್ತಾನೆ, ಕೊಡಲು ಒಮ್ಮೆ, ಒಯ್ಯಲು ಇನ್ನೊಮ್ಮೆ. ಮಳೆಹೊದಿಕೆ, ನೀರಿನ ಬಾಟಲಿ, ಮೇಣ, ಮಕ್ಕಳಿಗೊಂದು ಸಣ್ಣ ಚೀಲ ಮಾರಾಟವಾಗುವುದು ಆಗಲೇ. ಮೆಚ್ಚಿನ ವಸ್ತುವನ್ನು ಉಳಿಸಿಕೊಟ್ಟ ಅಂಗಡಿಯ ಹೆಸರನ್ನು ಅವನು ಹತ್ತು ಜನರ ಮುಂದೆ ಹೇಳುತ್ತಾನೆ.

ಮಮತೆಗೂ ಮಿತಿಯಿದೆ

ಕೆಲವು ವಸ್ತುಗಳ ವಿಷಯದಲ್ಲಿ ಗ್ರಾಹಕನ ಮಮತೆಗೆ ಮಣಿಯುವುದು ಅಪರಾಧವಾದೀತು. ಬಂಡೆ ಹತ್ತುವ ಹಗ್ಗ, ಸೊಂಟದ ಹಾರ್ನೆಸ್, ಹೆಲ್ಮೆಟ್ ಇವು ಪ್ರಾಣ ಕಾಯುವ ಸಾಧನಗಳು. ನೈಲಾನ್ ಹಗ್ಗ ನೋಡಲು ಚೆನ್ನಾಗಿದ್ದರೂ ಬಿಸಿಲು, ಉಜ್ಜಾಟ, ರಾಸಾಯನಿಕಗಳಿಂದ ಶಕ್ತಿ ಕಳೆದುಕೊಂಡಿರಬಹುದು. ಒಮ್ಮೆಯೂ ಬಳಸದಿದ್ದರೂ ಹತ್ತು ವರ್ಷಗಳ ನಂತರ ಹಗ್ಗವನ್ನು ಬಳಕೆಯಿಂದ ತೆಗೆಯಬೇಕೆಂದು ತಯಾರಕರು ಸಾಮಾನ್ಯವಾಗಿ ಸೂಚಿಸುತ್ತಾರೆ. ನಿರಂತರ ಬಳಕೆಯಲ್ಲಿ ಈ ಅವಧಿ ಬಹಳ ಕಡಿಮೆ. ಪೆಟ್ಟು ತಿಂದ ಹೆಲ್ಮೆಟ್ಟನ್ನು ಸರಿಪಡಿಸುವ ಪ್ರಶ್ನೆಯೇ ಇಲ್ಲ. ಇಂತಹ ವಸ್ತುಗಳು ಬಂದಾಗ ದುರಸ್ತಿ ನಿರಾಕರಿಸಿ, ಕಾರಣವನ್ನು ವಿವರಿಸಿ, ನೆನಪಿಗಾಗಿ ಮನೆಯಲ್ಲಿ ಇಟ್ಟುಕೊಳ್ಳುವಂತೆ ಹೇಳುವುದೇ ಸರಿಯಾದ ಕ್ರಮ.

ಇದು ಕಾನೂನಿನ ವಿಷಯವೂ ಹೌದು. 2020ರ ಜುಲೈನಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಲ್ಲಿ ಉತ್ಪನ್ನ ಹೊಣೆಗಾರಿಕೆಯು ತಯಾರಕ ಮತ್ತು ಮಾರಾಟಗಾರರಿಗೆ ಮಾತ್ರ ಸೀಮಿತವಾಗಿಲ್ಲ. ಉತ್ಪನ್ನಕ್ಕೆ ಸಂಬಂಧಿಸಿದ ಸೇವೆ ನೀಡುವವರೂ ಅದರ ವ್ಯಾಪ್ತಿಗೆ ಬರುತ್ತಾರೆ. ದೋಷಪೂರಿತ ಸೇವೆಯಿಂದ ಅಥವಾ ಅಗತ್ಯ ಎಚ್ಚರಿಕೆ ನೀಡದ ಕಾರಣದಿಂದ ಹಾನಿಯಾದರೆ ಪರಿಹಾರ ಕೊಡಬೇಕಾಗಬಹುದು. ಇನ್ನೊಂದೆಡೆ, ದುರಸ್ತಿಯ ಹಕ್ಕಿನ ಚೌಕಟ್ಟನ್ನು ರೂಪಿಸಲು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ಸಾಧನ ಮತ್ತು ವಾಹನಗಳಿಗೆ ಆದ್ಯತೆ ನೀಡಲಾಯಿತು. ಚಾರಣದ ಸಾಮಗ್ರಿ ಆ ಪಟ್ಟಿಯಲ್ಲಿಲ್ಲವಾದರೂ ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆ ಎಂಬುದು ಸ್ಪಷ್ಟ.

ಅನುಸರಿಸಬಹುದಾದ ಕ್ರಮಗಳು

1. ವಸ್ತುವನ್ನು ಸ್ವೀಕರಿಸುವಾಗಲೇ ಅದರ ಸ್ಥಿತಿಯನ್ನು ಬರೆದು, ಛಾಯಾಚಿತ್ರ ತೆಗೆದು, ಗ್ರಾಹಕರ ಸಹಿ ಪಡೆಯಬೇಕು.

2. ದರವನ್ನು ಮುಂಚಿತವಾಗಿ ತಿಳಿಸಬೇಕು. ದುರಸ್ತಿಯ ವೆಚ್ಚ ಹೊಸ ವಸ್ತುವಿನ ಬೆಲೆಯ ಅರ್ಧವನ್ನು ಮೀರುವುದಾದರೆ ಅದನ್ನು ಸ್ಪಷ್ಟವಾಗಿ ಹೇಳಿ, ತೀರ್ಮಾನವನ್ನು ಗ್ರಾಹಕರಿಗೇ ಬಿಡಬೇಕು.

3. ಕೇಳದ ಕೆಲಸವನ್ನು ಮಾಡಬಾರದು. ಹಳೆಯ ತೇಪೆ, ಊರಿನ ಹೆಸರಿನ ಬಿಲ್ಲೆ, ಕೈಬರಹದ ಗುರುತುಗಳನ್ನು ಅಂದಗೆಡುಕೆಂದು ತಿಳಿದು ತೆಗೆದುಹಾಕಿದರೆ ಗ್ರಾಹಕರು ಕ್ಷಮಿಸುವುದಿಲ್ಲ. ಆ ಗುರುತುಗಳಿಗಾಗಿಯೇ ಅವರು ಹೊಸದನ್ನು ಕೊಂಡಿಲ್ಲ.

4. ಬಿಚ್ಚಿ ತೆಗೆದ ಭಾಗಗಳನ್ನು ಚೀಟಿಯೊಂದಿಗೆ ಮರಳಿಸಬೇಕು. ಬದಲಿಸಿದ್ದಕ್ಕೆ ಅದೇ ಸಾಕ್ಷಿ.

5. ವಾರಂಟಿಯನ್ನು ಕೆಲಸಕ್ಕೆ ಮಾತ್ರ, ನಿರ್ದಿಷ್ಟ ಅವಧಿಗೆ ನೀಡಬೇಕು. ಜೀವಮಾನದ ವಾರಂಟಿ ಎಂಬ ಮಾತನ್ನು ಲಘುವಾಗಿ ಬಳಸಬಾರದು.

6. ತಯಾರಕರು ಹೊಸ ಚೀಲಗಳಲ್ಲಿ ಮಾರುಕಟ್ಟೆಯಲ್ಲಿ ಸಿಗುವ ಅಳತೆಯ ಜಿಪ್ಪು, ಪಟ್ಟಿ, ಬಕಲ್‌ಗಳನ್ನೇ ಬಳಸಬೇಕು. ಒಂದು ರನ್ನರ್, ಒಂದು ಬಕಲ್, ಒಂದಿಷ್ಟು ಅದೇ ಬಣ್ಣದ ಬಟ್ಟೆಯನ್ನು ಪೊಟ್ಟಣದೊಳಗೇ ಇಟ್ಟು ಮಾರಿದರೆ ವೆಚ್ಚ ಅಲ್ಪ, ಹೆಸರು ದೊಡ್ಡದು.

7. ಮಳೆಗಾಲ ಆರಂಭವಾಗುವ ಮೊದಲು, ಮೇ ತಿಂಗಳಲ್ಲಿ, ರೈನ್‌ಕೋಟು ಮತ್ತು ಬೂಟುಗಳ ತಪಾಸಣಾ ಶಿಬಿರ ನಡೆಸಬಹುದು. ಒಂದು ತಾಲ್ಲೂಕಿನ ಮೂರು, ನಾಲ್ಕು ಘಟಕಗಳು ಸೇರಿ ಹೊಲಿಗೆ, ಅಟ್ಟೆ, ಲೇಪನದ ಕೆಲಸಗಳನ್ನು ಹಂಚಿಕೊಂಡರೆ ಪ್ರತಿಯೊಬ್ಬರಿಗೂ ಯಂತ್ರದ ವೆಚ್ಚ ಉಳಿಯುತ್ತದೆ.

ದುರಸ್ತಿಗಾಗಿ ಹಳೆಯ ಚೀಲವನ್ನು ಮೇಜಿನ ಮೇಲೆ ಇಡುವ ಗ್ರಾಹಕನು ತಾನು ಬಹುವರ್ಷ ಹೊತ್ತ ನೆನಪನ್ನು ಅಪರಿಚಿತರ ಕೈಗೆ ಒಪ್ಪಿಸುತ್ತಿರುತ್ತಾನೆ. ಆ ಕೆಲಸ ಕೆಟ್ಟರೆ ಅದೇ ಚೀಲ ಇನ್ನೊಂದು ಅಂಗಡಿಯಲ್ಲಿ ಸಿಗದು. ಕಂಬಳಿಗೆ ತೇಪೆ ಹಾಕುತ್ತಿದ್ದ ಕೈಗಳಿಗೆ ಈ ಜವಾಬ್ದಾರಿ ಗೊತ್ತಿತ್ತು. ಅದನ್ನು ಅರಿತು, ಸರಿಯಾದ ದರಕ್ಕೆ, ಸರಿಯಾದ ಬಿಡಿಭಾಗದಿಂದ, ಮಾತು ಕೊಟ್ಟ ದಿನಕ್ಕೆ ಕೆಲಸ ಮುಗಿಸಿಕೊಡುವ ಉದ್ಯಮಿಗೆ ಜಿಲ್ಲೆಯಲ್ಲಿ ಗ್ರಾಹಕರ ಕೊರತೆ ಇರಲಾರದು.